ಕುಂಕುಮ ಹಚ್ಚಿದ ಗುಂಡಿ

ವೆಂಕೂಬಾಯಿಯ ತವರಿನ ಸೀರೆಯಲ್ಲಿ ಉಳಿದದ್ದು ಸೆರಗಿನ ತುಂಡೊಂದೇ. ಅವರ ತಾಯಿ ತುಳಸಕ್ಕ ಗಜೇಂದ್ರಗಡದ ಇದೇ ಓಣಿಯ ತವರುಮನೆಯಲ್ಲಿ ಕೂತು, ಮಗಳು ತೊಟ್ಟಿಲಲ್ಲಿದ್ದಾಗಲೇ ನೇಯ್ದಿಟ್ಟು, ಮುಂದೆ ಅವಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಸಿದ ಸೀರೆ ಅದು. ಒಡಲು ಎಂದೋ ಹರಿದು ಹೊದೆಯುವ ಕೌದಿಯ ಹೊಟ್ಟೆ ಸೇರಿತ್ತು. ಸೆರಗಿನ ರೇಷ್ಮೆಯೂ ಈಗ ಹಪ್ಪಳದಂತಾಗಿ ಮಡಿಸಿದಲ್ಲೆಲ್ಲ ಮುರಿಯುತ್ತಿತ್ತು. ಆ ಸೆರಗಿನ ಜೋಳದ ತೆನೆಗಳನ್ನು ಮತ್ತೊಮ್ಮೆ ಮಗ್ಗಕ್ಕೆ ಏರಿಸಬೇಕು ಎಂಬುದು ಸೊಸೆ ಅರ್ಚನಾಳ ಆಸೆ. ಅತ್ತೆಗೂ ಅದೇ ಆಸೆಯಿತ್ತು; ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಹಳೆಯ ನೇಯ್ಗೆಯ ಗುಟ್ಟು ತಿಳಿಯಬೇಕಾದರೆ ಅದನ್ನು ಬಿಚ್ಚಬೇಕು. ವೆಂಕೂಬಾಯಿ ಸೂಜಿಯ ಮೊನೆಯಿಂದ ಅಡ್ಡಕ್ಕೆ ಓಡುವ ಹೊಕ್ಕಿನ ಎಳೆಯೊಂದನ್ನು ಎತ್ತಿ, ಅದು ಎಲ್ಲಿ ಮೇಲೆ ಬಂದಿದೆ, ಎಲ್ಲಿ ಉದ್ದಕ್ಕಿರುವ ಹಾಸಿನ ಎಳೆಗಳ ಕೆಳಗೆ ಮುಳುಗಿದೆ ಎಂದು ಓದಿ ಹೇಳುವರು. ಅರ್ಚನಾ ಕಂಪ್ಯೂಟರಿನಲ್ಲಿ ಚೌಕಗಳ ಹಾಳೆ ತೆರೆದು, ಅವರು ಹೇಳಿದಂತೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುವಳು. ಸಾಲು ಮುಗಿದ ಮೇಲೆ ಆ ಎಳೆಯನ್ನು ಎಳೆದು ತೆಗೆಯಬೇಕು; ಆಗಲೇ ಮುಂದಿನದು ಕಾಣುವುದು. ತೆಗೆದ ಎಳೆ ಬೆರಳಲ್ಲೇ ಪುಡಿಯಾಗುತ್ತಿತ್ತು. ಸೆರಗು ಇತ್ತ ಕರಗುತ್ತಿತ್ತು, ಅತ್ತ ಪರದೆಯ ಮೇಲೆ ಬೆಳೆಯುತ್ತಿತ್ತು. ತಪ್ಪಿದರೆ ಹಿಂದಿರುಗಿ ನೋಡಲು ಬಟ್ಟೆ ಇರಲಿಲ್ಲ.

ಅಮಾವಾಸ್ಯೆ ಬಂತು. ಅವತ್ತು ಮಗ್ಗ ಆಡಿಸುವುದಿಲ್ಲ. ಆದರೆ ಓದುವುದಕ್ಕೇನು ಅಡ್ಡಿ ಎಂದು ಬೆಳಿಗ್ಗೆಯೇ ಒಂದಿಷ್ಟು ಎಳೆ ಬಿಚ್ಚಿ, ಹಾಳೆಯನ್ನು ತೆರೆದಂತೆಯೇ ಬಿಟ್ಟು ಅರ್ಚನಾ ರೊಟ್ಟಿ ಬಡಿಯಲು ಎದ್ದಳು. ವೆಂಕೂಬಾಯಿ ಮಗ್ಗ ಒರೆಸಿದರು, ಲಾಳಿ ಒರೆಸಿದರು, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಕೀಲಿಮಣೆಯ ಮುಂದೆ ನಿಂತರು.

"ಏ ಅರ್ಚನಾ, ಇದೂ ಈಗ ನಮ್ಮ ಮನಿ ಮಗ್ಗಾನ ಆಗೇತಿ. ಇದಕ್ಕೆಲ್ಲಿ ಹಚ್ಚಲಿ?"

"ಅಕ್ಷರದ ಮ್ಯಾಲೆ ಹಚ್ಚಬ್ಯಾಡ್ರಿ ಅತ್ತಿ, ನನಗ ಕಾಣಂಗಿಲ್ಲ," ಅಡುಗೆಮನೆಯಿಂದಲೇ ಅರ್ಚನಾ ಕೂಗಿದಳು.

"ಹಂಗಾರ ನೀ ಮುಟ್ಟಲಾರದ್ದು ಯಾವುದರ ಹೇಳು."

"ಮ್ಯಾಲಿನ ಸಾಲಿನಾಗ, ಬಲಗಡೆ, ಮೂರು ಗುಂಡಿ ಒಂದರ ಬಾಜೂಕ ಒಂದು ಕುಂತಾವ ನೋಡ್ರಿ. ಅವು ಯಾತಕ್ಕ ಅದಾವಂತ ನನಗೂ ಗೊತ್ತಿಲ್ಲ. ನಡುವಿಂದಕ್ಕ ಹಚ್ಚರಿ."

"ಪಾಪ, ಕೆಲಸಿಲ್ಲದ್ದು. ಅದಕ್ಕರ ಒಂದೀಟು ಮಾನ ಸಿಗಲಿ," ಎಂದು ವೆಂಕೂಬಾಯಿ ಉಂಗುರದ ಬೆರಳಿನಿಂದ ಒತ್ತಿ ಕುಂಕುಮವಿಟ್ಟು ಕೈ ಮುಗಿದರು.

ಊಟವಾದ ಮೇಲೆ ಇಬ್ಬರೂ ಮತ್ತೆ ಕೂತರು. ವೆಂಕೂಬಾಯಿ ಸೂಜಿ ಹಿಡಿದರು. ಮುಂದಿನ ಸಾಲಿಗೆ ಇಳಿಯಲು ಅರ್ಚನಾ ಕೆಳಬಾಣದ ಗುಂಡಿ ಒತ್ತಿದಳು. ಗುರುತಿನ ಚೌಕ ಇಳಿಯಲಿಲ್ಲ. ಬದಲಿಗೆ ಚಿತ್ರವೇ ಒಂದು ಸಾಲು ಮೇಲೇರಿತು. ಗಾಬರಿಯಲ್ಲಿ ಆಕೆಯ ಬೆರಳು ಗುಂಡಿಯ ಮೇಲೆಯೇ ಉಳಿಯಿತು. ತೆನೆಗಳು ಸಾಲುಸಾಲಾಗಿ ಮೇಲೆ ಹರಿದು ಹೋದವು. ಪರದೆಯ ತುಂಬ ಬರೀ ಬಿಳಿ ಚೌಕಗಳು.

"ಅತ್ತಿ, ಹೋತ್ರಿ!"

"ಏನ್ ಹೋತ?"

ಅರ್ಚನಾ ಪರದೆಯ ಕಡೆ ಬೆರಳು ತೋರಿಸಿದಳು. ವೆಂಕೂಬಾಯಿಯ ಮಡಿಲಿನಲ್ಲಿ ಉಳಿದಿದ್ದ ತುಂಡು ಅಂಗೈಗಿಂತ ಚಿಕ್ಕದಾಗಿತ್ತು. ಹಾಳೆ ಮುಚ್ಚಿ ಮತ್ತೆ ತೆರೆಯೋಣವೆಂದರೆ, ಇದ್ದದ್ದನ್ನು ಉಳಿಸಲೇ ಎಂದು ಅದು ಕೇಳುತ್ತದೆ. ಈ ಖಾಲಿಯನ್ನೇ ಉಳಿಸಿಬಿಟ್ಟರೆ? ಬೇಡವೆಂದರೆ ಬೆಳಿಗ್ಗೆ ಬಿಚ್ಚಿದ ಸಾಲುಗಳು ಹೋದಂತೆಯೇ.

ರೋಣದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಜಬೀನಳಿಗೆ ಫೋನ್ ಹಚ್ಚಿದಳು. ಬಸ್ಸಿನಲ್ಲಿ ಓಡಾಡಿ ಅರ್ಚನಾ ಕಲಿತದ್ದು ಆಕೆಯ ಹತ್ತಿರವೇ.

"ಅಳಬ್ಯಾಡ್ರಿ ಅಕ್ಕಾರ, ಏನೂ ಮುಟ್ಟಬ್ಯಾಡ್ರಿ," ಎಂದಳು ಜಬೀನ. "ಬಲಗಡೆ ಮ್ಯಾಲೆ ಸಣ್ಣ ದೀಪ ಅದಾವಲ್ಲ, ಎಷ್ಟು ಹತ್ಯಾವ?"

"ಎರಡು. ಅಯ್ಯ, ದಿನಾ ಒಂದ ಹತ್ತಿರತೈತ್ರಿ."

"ಹೌದಲ್ಲ? ಸ್ಕ್ರೋಲ್ ಲಾಕ್ ಅಂತ ಒಂದು ಬಟನ್ ಹುಡುಕ್ರಿ. ಮೂರರಾಗ ನಡುವಿಂದು."

"ಅದರ ಮ್ಯಾಲೆ ಕುಂಕುಮ ಐತ್ರಿ. ಏನ್ ಬರದೈತೋ ಕಾಣವಲ್ದು."

ಆ ಕಡೆಯಿಂದ ನಗು ಕೇಳಿತು. "ಪೂಜಾ ಮಾಡಿದ್ರೇನ? ಹಂಗಾರ ದೇವರು ಎದ್ದಾನ ಬಿಡ್ರಿ. ಅದನ್ನ ಇನ್ನೊಮ್ಮೆ ಒತ್ರಿ. ಆಮ್ಯಾಲೆ ಬಾಣ ಒತ್ರಿ."

ಅರ್ಚನಾ ಒತ್ತಿದಳು. ದೀಪ ಆರಿತು. ಬಾಣ ಒತ್ತಿದ್ದೇ ತಡ, ತೆನೆಗಳೆಲ್ಲ ಒಮ್ಮೆಗೇ ಬಂದು ನಿಂತವು, ಒಂದು ಚೌಕವೂ ಕದಲದೆ.

"ಚಿತ್ರ ಎಲ್ಲೂ ಹೋಗಿದ್ದಿಲ್ರಿ," ಎಂದಳು ಜಬೀನ. "ಆ ದೀಪ ಆರಿದ್ರ ಹಾಳಿ ನಿಂತಿರತೈತಿ, ಗುರುತಿನ ಚೌಕ ಓಡತೈತಿ. ದೀಪ ಹತ್ತಿದ್ರ ಹಾಳೀನ ಸರೀತೈತಿ. ಅದರ ಕೆಲಸ ಅಷ್ಟ. ಈಗಿನವರು ಯಾರೂ ಅದನ್ನ ಕೇಳಂಗಿಲ್ಲ." ಮೊದಲು ಹಾಳೆಯನ್ನು ಉಳಿಸಿಟ್ಟುಕೊಳ್ಳಿ ಎಂದು ಗದರಿಸಿ ಫೋನ್ ಇಟ್ಟಳು.

ಅರ್ಚನಾ ಉಳಿಸಿಟ್ಟು ತಿರುಗಿದಾಗ ಅತ್ತೆ ಪರದೆಯನ್ನು ನೋಡುತ್ತಿರಲಿಲ್ಲ. ಮೂಲೆಯಲ್ಲಿ ಸುಮ್ಮನೆ ನಿಂತ ಮಗ್ಗವನ್ನು ನೋಡುತ್ತಿದ್ದರು.

"ನೇಯುವಾಗ ಲಾಳಿ ಓಡತೈತಿ, ಬಟ್ಟಿ ನಿಂತಿರತೈತಿ," ಎಂದರು ಮೆಲ್ಲಗೆ. "ಒಂದು ಗೇಣು ಆದಮ್ಯಾಲೆ ದಿಂಡು ತಿರುವಿ ಬಟ್ಟಿ ಸುತ್ತತೀವಿ. ಆಗ ಲಾಳಿ ಸುಮ್ಮನಿರತೈತಿ, ಬಟ್ಟಿ ಸರೀತೈತಿ. ಇದು ದಿಂಡು ತಿರುವು ಬಟನ್ ಐತಿ, ತಂಗಿ. ಇದನ್ನ ಮಾಡಿದಾಂವ ಎಲ್ಲಿ ಕುಂತಿದ್ದನೋ ಪುಣ್ಯಾತ್ಮ, ನಮ್ಮ ಮಗ್ಗ ಕಂಡಿದ್ದನೋ ಇಲ್ಲೋ. ಅವಗೂ ಇದ ಹೊಳೀತಲ್ಲ!"

ಅರ್ಚನಾ ದಿನವೂ ಧೂಳು ಒರೆಸುತ್ತಿದ್ದ ಕೀಲಿಮಣೆಯನ್ನು ಮೊದಲ ಸಲ ನೋಡುವಂತೆ ನೋಡಿದಳು. ಆ ಮೂಲೆಯಲ್ಲಿ, ಈ ಸಾಲಿನಲ್ಲಿ, ತಾನು ಹೆಸರೂ ಓದದ ಎಷ್ಟು ಗುಂಡಿಗಳು! ಒಂದೊಂದನ್ನೂ ಯಾರೋ ಯಾವುದೋ ಕಷ್ಟಕ್ಕೆ ಸಿಕ್ಕು, ಇದಿದ್ದರೆ ಚೆನ್ನ ಎಂದು ಕೂರಿಸಿದ್ದಾರೆ. ಕೇಳುವವರು ಬರಲಿ ಬಿಡಲಿ, ಅವು ಕಾದು ಕೂತಿವೆ.

ಸಂಜೆಯ ಹೊತ್ತಿಗೆ ಕೊನೆಯ ಎಳೆ ಬಂತು. ಅದನ್ನೂ ಎಳೆದಾಗ ವೆಂಕೂಬಾಯಿಯ ಮಡಿಲಿನಲ್ಲಿ ಉಳಿದದ್ದು ಚಿಟಿಕೆ ಕೆಂಪು ಪುಡಿ. ಅವರು ಅದನ್ನು ಝಾಡಿಸಲಿಲ್ಲ, ಹಾಗೆಯೇ ಕೂತರು. ಅರ್ಚನಾ ಚಿತ್ರದ ಮೊದಲ ಸಾಲಿಗೆ ಹೋಗಿ ಕುರ್ಚಿ ಬಿಟ್ಟುಕೊಟ್ಟಳು.

"ನೀವ ತಿರುವರಿ ಅತ್ತಿ."

ವೆಂಕೂಬಾಯಿ ಕುಂಕುಮದ ಗುಂಡಿ ಒತ್ತಿದರು. ದೀಪ ಹತ್ತಿತು. ಬಾಣದ ಮೇಲೆ ಬೆರಳಿಟ್ಟರು. ತುಳಸಕ್ಕನ ಸೆರಗು, ಈ ಲೋಕದಲ್ಲಿ ಈಗ ಎಲ್ಲೂ ಇಲ್ಲದ ಆ ಸೆರಗು, ಕೆಳಗಿನಿಂದ ಮೇಲಕ್ಕೆ ಸರಿಯತೊಡಗಿತು, ಆಗಷ್ಟೇ ನೇಯ್ದು ದಿಂಡಿಗೆ ಸುತ್ತುತ್ತಿರುವಂತೆ. ಎಳೆ ಎಳೆಯಾಗಿ ಓದುವಾಗ ಯಾರಿಗೂ ಕಾಣದಿದ್ದುದು ಆಗ ಕಂಡಿತು: ಎತ್ತರದ ತೆನೆಗಳ ನಡುವೆ ಒಂದು ಗಿಡ್ಡ ತೆನೆ.

ವೆಂಕೂಬಾಯಿಯ ಬೆರಳು ನಿಂತಿತು.

"ಇಲ್ಲಿ ನಮ್ಮವ್ವ ನೇಯೂದು ಬಿಟ್ಟು ಎದ್ದು ಹೋಗ್ಯಾಳ," ಎಂದರು. "ತೊಟ್ಟಿಲದಾಗ ನಾನ ಅತ್ತಿರಬೇಕು. ಬಂದು ಕುಂತಾಗ ಲೆಕ್ಕ ತಪ್ಪೇತಿ."

"ತಿದ್ದಲೇನ್ರಿ?"

"ಏ ಹುಚ್ಚಿ, ಬಿಡ ಅದನ್ನ," ಎಂದು ವೆಂಕೂಬಾಯಿ ಮತ್ತೆ ಬಾಣ ಒತ್ತಿದರು. ಬಟ್ಟೆ ಸರಿಯಿತು.