ಖಾಲಿ ಮೊಳೆ

ಭಾವನ ಕಂಪ್ಯೂಟರಿನ ಮದರ್‌ಬೋರ್ಡನ್ನು ಅವನು ಮೂಗಿನ ಹತ್ತಿರ ಹಿಡಿದು ಇನ್ನೊಂದು ಸಲ ಮೂಸಿದ. ಪ್ರೊಸೆಸರ್ ಕೂರುವ ಜಾಗದ ಎಡಕ್ಕೆ ಸುಟ್ಟ ವಾಸನೆ ಹಾಗೇ ಇತ್ತು. ಎದುರಿನ ಸ್ಟೂಲಿನ ಮೇಲೆ ಅಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಭಾವ ತೀರಿಹೋಗಿ ಐದು ತಿಂಗಳು. ಕಂಪ್ಯೂಟರ್ ಕೆಟ್ಟು ಐದು ದಿನ. ಅವಳ ಟೈಪಿಂಗ್ ಕೆಲಸವೂ ಅಂದೇ ನಿಂತಿತ್ತು.

ಆ ಬೋರ್ಡನ್ನು ಭಾವನಿಗೆ ಆರಿಸಿಕೊಟ್ಟವನು ಇವನೇ. ಇವನ ರಿಪೇರಿ ಅಂಗಡಿಯ ಗೋಡೆಯಲ್ಲಿ ಒಂದೊಂದು ಕಂಪನಿಗೆ ಒಂದೊಂದು ಉದ್ದ ಮೊಳೆ. ಸತ್ತ ಮದರ್‌ಬೋರ್ಡುಗಳೆಲ್ಲ ಆಯಾ ಮೊಳೆಗೆ. ಯಾವ ಕಂಪನಿ ಒಳ್ಳೇದು ಅಂತ ಕೇಳಿದವರಿಗೆ ಹೆಣ ಎಣಿಸಿಕೊಳ್ಳಿ ಅನ್ನುತ್ತಿದ್ದ. ಕೆಂಪು ಡಬ್ಬಿಯ ಕಂಪನಿಗೆ ಹದಿನಾಲ್ಕು, ನೀಲಿ ಡಬ್ಬಿಯದಕ್ಕೆ ಒಂಬತ್ತು. ಕರಿ ಡಬ್ಬಿಯ ಮೊಳೆ ಮಾತ್ರ ಖಾಲಿ. ಮದುವೆ ದಲ್ಲಾಳಿಗಿಂತ ನಿನ್ನ ಗೋಡೆ ವಾಸಿ ಕಣೋ, ಸತ್ತವರನ್ನೂ ತೋರಿಸುತ್ತೆ ಎಂದು ನಕ್ಕು ಭಾವ ಕರಿ ಡಬ್ಬಿಯನ್ನೇ ಒಯ್ದಿದ್ದ.

ದೂರು ಕೊಡಲು ಆ ಕಂಪನಿಗೆ ಫೋನು ಮಾಡಿದಾಗ ಎರಡನೇ ರಿಂಗಿಗೇ ಎತ್ತಿಕೊಂಡರು. ಆ ಕಡೆಯ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, ನೀವು ಎಲ್ಲಿಗೂ ಅಲೆಯಬೇಕಾಗಿಲ್ಲ ಸಾರ್, ಕೆಟ್ಟದ್ದನ್ನು ಗಿರಾಕಿಗಳ ಮನೆಯಿಂದಲೇ ಒಯ್ದು ಹೊಸದು ಕೊಡುತ್ತೇವೆ ಅಂದಳು. ಅಂಥವು ಎಷ್ಟು ಬರುತ್ತವೆ ಅಂತ ಕೇಳಿದ. ಬೇಕಾದಷ್ಟು, ಅಂದಳು. ಅವನು ಗೋಡೆಯ ಕಡೆ ನೋಡಿದ. ಕರಿ ಡಬ್ಬಿಯವೂ ಸಾಯುತ್ತಿದ್ದವು. ಹೆಣ ಇವನವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಮಾರನೇ ದಿನ ಭಾವನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದ. ಅದು ಕೀಲಿಯ ಗುಪ್ತಸಂಖ್ಯೆ ಕೇಳಿತು. ಡಿಸ್ಕಿಗೆ ಬೀಗ ಹಾಕಿದವನು ಭಾವ; ಕೀಲಿ ಇದ್ದದ್ದು ಈ ಬೋರ್ಡಿಗೆ ಬೆಸೆದ ಚಿಪ್ಪಿನಲ್ಲಿ. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಅಕ್ಕ ಮನೆಯ ಡ್ರಾಯರುಗಳನ್ನೆಲ್ಲ ತಡಕಿ ಬಂದಿದ್ದಳು. ಡಿಸ್ಕಿನಲ್ಲಿದ್ದದ್ದು ಭಾವನ ದನಿ. ಗಂಟಲಿನ ಆಪರೇಷನ್ನಿಗೆ ಮುಂಚೆ ದಿನವೂ ಅರ್ಧ ಗಂಟೆ ಏನೇನೋ ಮಾತಾಡಿ ರೆಕಾರ್ಡು ಮಾಡಿಟ್ಟಿದ್ದ. ಆಮೇಲೆ ಕೇಳಿದರಾಯಿತು ಅಂತ ಅಕ್ಕ ಒಂದನ್ನೂ ಕೇಳಿರಲಿಲ್ಲ.

ಕೀಲಿ ಈ ಬೋರ್ಡಿನಲ್ಲಿ ಮಾತ್ರ ಇದೆ ಅನ್ನುವುದನ್ನು ಅವನು ಅದನ್ನೇ ನೋಡುತ್ತ ಅವಳಿಗೆ ಹೇಳಿದ. ಮೊಳೆಯ ವಿಷಯವನ್ನೂ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಇದನ್ನ ಎಬ್ಬಿಸೋಕಾಗುತ್ತಾ?"

"ಸುಟ್ಟಿರೋದನ್ನ ಬದಲಾಯಿಸಿ ನೋಡಬಹುದು. ಹತ್ತರಲ್ಲಿ ಒಂದು ಏಳುತ್ತೆ. ನಾನು ಕೈ ಹಾಕಿದೆ ಅಂದ್ರೆ ಕಂಪನಿಯವರು ಮುಟ್ಟಲ್ಲ, ಹೊಸದೂ ಕೊಡಲ್ಲ."

"ಅವರಿಗೆ ಕೊಟ್ಟರೆ?"

"ಪುಡಿ ಮಾಡ್ತಾರೆ."

ಅವಳು ತಲೆಯಾಡಿಸಿದಳು, ತರಕಾರಿಯ ರೇಟು ಕೇಳಿದವಳ ಹಾಗೆ.

ಅಷ್ಟರಲ್ಲಿ ಕೊರಿಯರಿನವನು ಬಂದ. ಮೂರು ದಿನ ಅಂದಿದ್ದರು, ಮೂರನೇ ದಿನವೇ ಬಂದಿದ್ದ. ಕರಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಮ್ಮ ಮಾಡೆಲ್ ಸ್ಟಾಕಿಲ್ಲವಂತೆ, ಅದಕ್ಕಿಂತ ಮೇಲಿನದ್ದೇ ಕಳಿಸಿದ್ದಾರೆ, ಹಳೇದು ಕೊಟ್ಟು ಒಂದು ಸಹಿ ಹಾಕಿ ಅಂದ. ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಹಿಡಿದ.

ಅಕ್ಕ ಎದ್ದಳು. ತಮ್ಮನ ಕೈಯಿಂದ ಸುಟ್ಟ ಬೋರ್ಡನ್ನು ತೆಗೆದುಕೊಂಡು ಕೈಚೀಲಕ್ಕೆ ಹಾಕಿದಳು. ಜಿಪ್ಪು ಅರ್ಧಕ್ಕೆ ನಿಂತಿತು.

"ಅಕ್ಕಾ, ಹೊಸದು. ಪುಕ್ಕಟೆ. ನಿನ್ನ ಕೆಲಸ ನಾಳೆಯಿಂದಲೇ ಶುರು ಮಾಡಬಹುದು," ಅಂದ ಅವನು.

"ಬೇಡ," ಅಂದಳು ಅಕ್ಕ, ಕೊರಿಯರಿನವನ ಕಡೆ ತಿರುಗಿ. "ವಾಪಸ್ ತಗೊಂಡು ಹೋಗಪ್ಪ."