ಹರಕೆಯ ಕೂದಲು

ಟಕ್ ಎಂದು ಹಲ್ಲಿಗೆ ಏನೋ ತಾಗಿದ ಸದ್ದು. ಪಕ್ಕದ ರಸ್ತೆಯಲ್ಲಿ ನಾಯಿ ಬೊಗಳಿದ್ದರೂ ಮುಚ್ಚಿಹೋಗುವಷ್ಟು ಸಣ್ಣದು. ಆದರೆ ದೀಪ್ತಿ ಆಗಲೇ ಎದ್ದು ಕುಳಿತಿದ್ದಳು. ತಾಯಿಯಾದ ಮೇಲೆ ಅವಳ ನಿದ್ದೆಗೆ ಬಾಗಿಲೇ ಇರಲಿಲ್ಲ. ಇನ್ನೊಮ್ಮೆ ಟಕ್. ಮಗ್ಗುಲಲ್ಲಿ ಮಗಳು ತನ್ಮಯಿ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಅಳದೆ, ಏನನ್ನೋ ಚೀಪುತ್ತಿದ್ದಳು.

ಮೊಬೈಲಿನ ಬೆಳಕು ಹಾಕಿ, ಮಗುವಿನ ಬಾಯೊಳಗೆ ಬೆರಳಾಡಿಸಿದಳು. ಹೊಸ ಹಲ್ಲು ಬೆರಳನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಂಡು ತೆಗೆದರೆ, ಕೂದಲ ಕ್ಲಿಪ್ಪು. ಚಿಟ್ಟೆ. ಅದರ ಒಂದು ರೆಕ್ಕೆ ಮುರಿದಿತ್ತು.

ಮುರಿದ ರೆಕ್ಕೆ ಎಲ್ಲಿ ಹೋಯಿತು? ದಿಂಬು ಎತ್ತಿದಳು, ಹೊದಿಕೆ ಕೊಡವಿದಳು, ಮತ್ತೆ ಬಾಯಿಗೆ ಬೆರಳು ಹಾಕಿದಳು. ಈ ಸಲ ಮಗು ಕಿರುಚಿತು. ಗಂಡ ಸುಧೀಂದ್ರ ಕಣ್ಣು ತೆರೆಯದೆಯೇ, "ಏನಾಯ್ತೇ?" ಎಂದ. ರೆಕ್ಕೆ ಅವನ ತೋಳಿಗೇ ಅಂಟಿಕೊಂಡಿತ್ತು. ಕಿತ್ತು ಅವನ ಮುಖದ ಮುಂದೆ ಹಿಡಿದಳು. ಅವನು ಅರೆಗಣ್ಣಲ್ಲಿ ನೋಡಿ, "ಸಿಕ್ತಲ್ಲ, ಮಲ್ಕೋ" ಎಂದು ಮಗ್ಗುಲು ಬದಲಿಸಿದ.

ದೀಪ್ತಿ ಮಲಗಲಿಲ್ಲ.

ಕ್ಲಿಪ್ಪು ಹಾಕಿ ಕಟ್ಟಬೇಕಾಗಿದ್ದ ಮಗಳ ಆ ಕೂದಲು ಹರಕೆಯದು. ತನ್ಮಯಿ ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಮಾವ ಚಕ್ರಪಾಣಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೈಮುಗಿದಿದ್ದರು. ಮಗು ಉಳಿದರೆ ಹುಟ್ಟುಗೂದಲನ್ನು ಮನೆದೇವರಿಗೆ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಕತ್ತರಿ ಸೋಕಿಸುವುದಿಲ್ಲ. ಹೊಲಿಗೆಯ ನೋವಿನಲ್ಲಿ ವಾರ್ಡಿನಲ್ಲಿ ಮಲಗಿದ್ದ ದೀಪ್ತಿಯನ್ನು ಯಾರೂ ಕೇಳಿರಲಿಲ್ಲ. ಆಗ ಕೇಳಿದ್ದರೆ ಅವಳು ತನ್ನ ಕೂದಲನ್ನೂ ಕೊಡುತ್ತೇನೆ ಎನ್ನುತ್ತಿದ್ದಳು, ಅದು ಬೇರೆ ಮಾತು. ಮುಡಿ ಕೊಡಲು ಇಡೀ ಮನೆ ಹೋಗಬೇಕು. ಹುಬ್ಬಳ್ಳಿಯಲ್ಲಿರುವ ಭಾವ ಶ್ರೀರಾಮ್ ಬರದೆ ಆಗದು. ಅವನಿಗೆ ಒಮ್ಮೆ ಬ್ಯಾಂಕಿನಲ್ಲಿ ಆಡಿಟ್ಟು, ಒಮ್ಮೆ ಹೆಂಡತಿಯ ಅಜ್ಜಿ ತೀರಿಕೊಂಡರು, ಒಮ್ಮೆ ಮಗನ ಪರೀಕ್ಷೆ. ಮಗುವಿನ ಕೂದಲು ಮಾತ್ರ ಯಾರ ರಜೆಯನ್ನೂ ಕಾಯದೆ ಬೆಳೆಯುತ್ತಿತ್ತು. ಹಣೆ ದಾಟಿ, ಹುಬ್ಬು ದಾಟಿ, ಈಗ ಕಣ್ಣಿನೊಳಗೆ.

ಬೆಳಿಗ್ಗೆ ಅತ್ತೆ ಅನಂತಲಕ್ಷ್ಮಿ ಡಿಕಾಕ್ಷನ್ ಇಳಿಸುತ್ತಿದ್ದಾಗ ದೀಪ್ತಿ ಆ ಚಿಟ್ಟೆಯನ್ನೂ ಅದರ ರೆಕ್ಕೆಯನ್ನೂ ಅಡುಗೆಕಟ್ಟೆಯ ಮೇಲೆ ಇಟ್ಟಳು.

"ಅಮ್ಮ, ಇದು ರಾತ್ರಿ ಅವಳ ಬಾಯಲ್ಲಿತ್ತು."

"ಅಯ್ಯೋ, ಮಲಗಿಸೋವಾಗ ತೆಗೆದಿದ್ದೆನಲ್ಲೇ!"

"ತೆಗೆದಿದ್ರೆ ಬಾಯಿಗೆ ಹೇಗ್ ಬಂತು? ನಡ್ಕೊಂಡು ಬಂತಾ?"

"ಸರಿ ಬಿಡು, ಮರ್ತಿರ್ತೀನಿ. ಬೆಳಗ್ಗೆ ಬೆಳಗ್ಗೆ ಕೂಗಾಡ್ಬೇಡ."

"ಮುಂದಿನ ಕೂದಲು ಒಂಚೂರು ಕತ್ತರಿಸಿಬಿಡೋಣ ಅಮ್ಮ. ಕಣ್ಣಿಗೆ ಚುಚ್ಚಿ ಚುಚ್ಚಿ ಕೆಂಪಾಗ್ತಿದೆ ಅಂತ ಡಾಕ್ಟ್ರೂ ಹೇಳಿದಾರೆ."

ನಡುಮನೆಯಿಂದ ಪೇಪರು ಮಡಚಿದ ಸದ್ದು ಬಂತು. "ಹರಕೆ ವಿಷ್ಯ ಡಾಕ್ಟರಿಗೇನು ಗೊತ್ತು?" ಎಂದರು ಚಕ್ರಪಾಣಿ.

"ಗಾಜಿನ ಪೆಟ್ಟಿಗೆಯಿಂದ ಅವಳನ್ನ ಈಚೆಗೆ ತಂದಿದ್ದು ಡಾಕ್ಟ್ರೇ ಅಲ್ವಾ ಮಾವ?"

ಮಾವ ಅವಳಿಗಲ್ಲದೆ ಬಾತ್‌ರೂಮಿನ ಬಾಗಿಲಿಗೆ ಹೇಳಿದರು: "ಕೇಳಿಸ್ಕೊಂಡ್ಯೇನೋ ಸುಧೀ, ನಿನ್ನ ಹೆಂಡ್ತಿ ಮಾತು?"

ಸುಧೀಂದ್ರ ಕೆನ್ನೆಯ ಮೇಲೆ ನೊರೆ ಹೊತ್ತುಕೊಂಡೇ ಈಚೆ ಬಂದ. "ದೀಪ್ತಿ, ಇನ್ನೊಂದೆರಡು ತಿಂಗಳು ತಾನೇ. ಅಡ್ಜಸ್ಟ್ ಮಾಡ್ಕೊಳ್ಳೋಣ."

"ಯಾರ ಕಣ್ಣಿಗೆ ಬೀಳ್ತಿದೆ ಕೂದಲು? ನಿನ್ನ ಕಣ್ಣಿಗಾ?"

"ಹೆತ್ತ ಕರುಳು ಆಡೋ ಮಾತೇನೇ ಇದು?" ಅನಂತಲಕ್ಷ್ಮಿ ಫಿಲ್ಟರನ್ನು ಕುಕ್ಕಿದರು. "ದೇವರಿಗೆ ಅಂತ ಎತ್ತಿಟ್ಟ ಕೂದಲಿಗೆ ಕತ್ತರಿ ಹಾಕ್ತೀನಿ ಅನ್ನೋಕೆ ನಾಲಗೆ ಹೇಗೆ ಬಂತು ನಿಂಗೆ?"

ದೀಪ್ತಿ ರೂಮಿಗೆ ಹೋಗಿ ಕ್ಲಿಪ್ಪಿನ ಡಬ್ಬಿ ತಂದಳು. ವಾರಗಿತ್ತಿ ಕೀರ್ತನಾ ಹುಬ್ಬಳ್ಳಿಯಿಂದ ಕಳಿಸಿದ್ದು. ಚಿಟ್ಟೆ, ನವಿಲು, ಚೆರ್ರಿ ಹಣ್ಣು, ಒಂದೊಂದರಲ್ಲೂ ಮಿನುಗುವ ಕಲ್ಲು. ಎಲ್ಲವನ್ನೂ ಕಸದ ಬುಟ್ಟಿಗೆ, ಬೀನ್ಸಿನ ನಾರು ಕಾಫಿ ಗಸಿಯ ಮೇಲೆ ಸುರಿದಳು. "ಇನ್ಮೇಲೆ ಈ ಮನೇಲಿ ಕ್ಲಿಪ್ ಅನ್ನೋದು ನನ್ನ ಕಣ್ಣಿಗೆ ಬೀಳ್ಬಾರ್ದು" ಎಂದು, ಮಗುವಿಗೆ ಮುತ್ತು ಕೊಡುವುದನ್ನೂ ಮರೆತು ಸ್ಕೂಟರ್ ಹತ್ತಿದಳು. ವಿಜಯನಗರದ ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಅಕೌಂಟೆನ್ಸಿ ಹೇಳುವ ಕೆಲಸ ಅವಳದು. ಆ ದಿನ ಬೋರ್ಡಿನ ಮೇಲೆ ಬರೆಯುತ್ತ ಎರಡು ಸಲ ಸೀಮೆಸುಣ್ಣ ಮುರಿಯಿತು.

ಮುಂದಿನ ದಿನಗಳಲ್ಲಿ ಅತ್ತೆ ಉಣ್ಣೆಯ ದಾರದಲ್ಲಿ ಜುಟ್ಟು ಕಟ್ಟಿ ನೋಡಿದರು. ಮಗು ಮೊದಲು ದಾರ ಕಿತ್ತಿತು, ಆಮೇಲೆ ದಾರದ ಜೊತೆ ನಾಲ್ಕು ಕೂದಲು ಕಿತ್ತು ಅತ್ತಿತು. ತನ್ಮಯಿ ಆಗಷ್ಟೇ ದಿವಾನ್ ಮಂಚ ಹಿಡಿದು ಹೆಜ್ಜೆ ಸರಿಸುವುದನ್ನು ಕಲಿತಿದ್ದಳು. ಯಾರಾದರೂ ಕರೆದರೆ ಕನ್ನಡಕದ ಕೆಳಗಿನಿಂದ ನೋಡುವ ಮುದುಕರ ಹಾಗೆ ಗಲ್ಲ ಮೇಲೆತ್ತಿ, ಕೂದಲ ಸಂದಿಯಿಂದ ಹುಡುಕುವಳು. ಹುಡುಕುವಷ್ಟರಲ್ಲಿ ಆಯ ತಪ್ಪಿ ಕುಕ್ಕರಿಸುವಳು. ಒಮ್ಮೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದು ನೆಲ್ಲಿಕಾಯಿ ಗಾತ್ರ ಊದಿಕೊಂಡಿತು. ಎದುರುಮನೆಯ ಆಂಟಿ ಮಾತ್ರ ಗೇಟಿನಾಚೆಯಿಂದ, "ಎಂಥಾ ಕೂದಲಮ್ಮ ನಿನ್ನ ಮಗಳದ್ದು! ದೃಷ್ಟಿ ತೆಗೆದು ಹಾಕು" ಎನ್ನುತ್ತಿದ್ದರು.

ದೀಪ್ತಿ ತಾನೇ ಶ್ರೀರಾಮ್‌ಗೆ ಫೋನ್ ಮಾಡಿದಳು.

"ಭಾವ, ಈ ಭಾನುವಾರ ಒಂದಿನ ಬಂದುಬಿಡಿ. ಬೆಳಗ್ಗೆ ಹೋಗಿ ಸಾಯಂಕಾಲಕ್ಕೆ ವಾಪಸ್ ಬಂದುಬಿಡೋಣ."

"ಹೀಗೆ ಅರ್ಜೆಂಟ್ ಮಾಡಿದ್ರೆ ಹೇಗಮ್ಮ? ದೇವರ ಕೆಲಸ, ಆರಾಮಾಗಿ ಮಾಡ್ಬೇಕು. ನಾವಿಲ್ದೆ ಮಾಡ್ಕೊಳ್ಳೋದಾದ್ರೆ ಮಾಡ್ಕೊಳ್ಳಿ, ನಂಗೇನೂ ಬೇಜಾರಿಲ್ಲ. ಅಪ್ಪಂಗೆ ಬೇಜಾರಾಗುತ್ತೆ, ಅಷ್ಟೇ."

"ಕಣ್ಣಿಗೆ ಬೀಳ್ತಿದೆ ಭಾವ."

"ಒಂದು ಕ್ಲಿಪ್ ಹಾಕಮ್ಮ. ಕೀರ್ತನಾ ಒಂದು ಡಬ್ಬೀನೇ ಕಳಿಸಿದ್ಲಲ್ಲ!"

ಅವಳು ಉತ್ತರ ಕೊಡದೆ ಕರೆ ಕತ್ತರಿಸಿದಳು. ಅದು ರಾತ್ರಿ ಊಟದ ಹೊತ್ತಿಗೆ 'ಭಾವನ ಮುಖದ ಮೇಲೆ ಫೋನಿಟ್ಟಳು' ಎಂದಾಗಿ ಮನೆಗೆ ಹಿಂತಿರುಗಿತ್ತು.

ಆ ಗುರುವಾರ ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಿತು. ದೀಪ್ತಿ ಮನೆಗೆ ಬಂದಾಗ ಮಾವನ ಚಪ್ಪಲಿ ಇರಲಿಲ್ಲ. ಊಟ ಮುಗಿಸಿ ಲೈಬ್ರರಿಗೆ ಹೋಗುವುದು ಅವರ ರೂಢಿ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬೆಲ್ ಒತ್ತಿದರೆ ಮಗು ಎದ್ದೀತೆಂದು ಕಾಂಪೌಂಡಿನ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದಳು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅನಂತಲಕ್ಷ್ಮಿ ಮಣೆ ಹಾಕಿಕೊಂಡು ಕುಳಿತಿದ್ದರು. ತೊಡೆಯ ಮೇಲೆ ತನ್ಮಯಿ. ಕೈಯಲ್ಲಿ ಹೂವಿನ ದಾರ ಕತ್ತರಿಸುವ ಕತ್ತರಿ. ಎಡಗೈ ಬೊಗಸೆ ಮಾಡಿ ಮಗುವಿನ ಹುಬ್ಬಿನ ಕೆಳಗೆ ಹಿಡಿದಿದ್ದರು. ಅದರಲ್ಲಿ ಕಪ್ಪಗೆ, ಹತ್ತಿಯಂತೆ ಹಗುರಾಗಿ ಕೂದಲು.

ದೀಪ್ತಿಯ ಕಿವಿ ಬಿಸಿಯಾಯಿತು. ತಾನು ಕೈಜೋಡಿಸಿ ಕೇಳಿದ್ದನ್ನೇ ಈ ಹೆಂಗಸು ಕಳ್ಳತನದಲ್ಲಿ ಮಾಡುತ್ತಿದ್ದಾರೆ. ತನ್ನ ಮಗಳ ಕೂದಲಿಗೆ ಕತ್ತರಿ ಹಾಕುವ ಪಾಪವನ್ನು ಮಾಡಲೂ ಈ ಮನೆಯಲ್ಲಿ ತನಗೆ ಹಕ್ಕಿಲ್ಲ.

"ಭೇಷ್ ಅಮ್ಮ!" ಎಂದಳು. "ಹೆತ್ತ ಕರುಳಿಗೆ ಆಗ್ಬಾರ್ದು, ನಿಮಗಾದ್ರೆ ಆಗಬಹುದು ಅಲ್ವಾ?"

ಅತ್ತೆ ಬೆಚ್ಚಿ ಬೀಳಲಿಲ್ಲ. ತಲೆಯೆತ್ತಿದ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಗುವಿನ ಕೆನ್ನೆಯ ಮೇಲೆ ಅತ್ತು ಒಣಗಿದ ಗೆರೆಗಳಿದ್ದವು, ಫ್ರಾಕಿನ ಎದೆಯೆಲ್ಲ ಅನ್ನದ ವಾಂತಿ. ಮಣೆಯ ಪಕ್ಕದಲ್ಲಿ, ಎಂಜಲಿನ ನೊರೆಯಲ್ಲಿ, ಹಸಿರು ಕಲ್ಲಿನ ಒಂದು ನವಿಲು ಬಿದ್ದಿತ್ತು.

ದೀಪ್ತಿ ಅದನ್ನು ನೋಡಿದಳು. "ಇದನ್ನ ನಾನು ಕಸಕ್ಕೆ ಹಾಕಿದ್ದೆ" ಎಂದಳು, ಬಹಳ ನಿಧಾನವಾಗಿ.

"ತೆಗೆದು ತೊಳೆದಿಟ್ಟಿದ್ದೆ ಕಣೇ. ಹೊಸಾದು, ಚೆನ್ನಾಗಿತ್ತಲ್ಲ ಅಂತ... ಕೀರ್ತನಾ ಬಂದಾಗ ಕೇಳ್ತಾಳೆ ಅಂತ. ಊಟ ಮಾಡಿಸೋವಾಗ ಕೂದಲು ತುತ್ತಿಗೆ ಬೀಳ್ತಿತ್ತು, ಹಾಕ್ದೆ. ಸೌಟು ತರೋಕೆ ಒಳಗೆ ಹೋದೆ, ಅಷ್ಟೇ. ಬಂದ್ರೆ..." ಅನಂತಲಕ್ಷ್ಮಿ ಕತ್ತರಿಯನ್ನು ಕಲ್ಲಿನ ಮೇಲಿಟ್ಟರು. "ಬಂದ್ರೆ ಸದ್ದೇ ಇಲ್ಲ. ಅಳೋಕೂ ಆಗ್ತಿಲ್ಲ ಮಗೂಗೆ. ತುಟಿ ನೇರಳೆಹಣ್ಣಿನ ಥರ ಆಗೋಯ್ತು. ತಲೆಕೆಳಗೆ ಮಾಡಿ ಬೆನ್ನಿಗೆ ಗುದ್ದಿದೆ. ಎಷ್ಟು ಗುದ್ದಿದ್ನೋ ದೇವರಿಗೇ ಗೊತ್ತು. ಇನ್ನು ಕ್ಲಿಪ್ಪೇ ಬೇಡ ಅಂತ ಕತ್ತರಿ ತಗೊಂಡೆ."

ದೀಪ್ತಿ ಮಗುವನ್ನು ಕಿತ್ತುಕೊಂಡಳು. ಫ್ರಾಕ್ ಎತ್ತಿದರೆ ಬೆನ್ನ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಎದೆಗೆ ಕಿವಿಯಿಟ್ಟಳು. ಬಾಯಿ ತೆರೆಸಿ ನೋಡಿದಳು. ತನ್ಮಯಿ ಅವಳ ಮೂಗು ಹಿಡಿದು ನಕ್ಕಳು.

"ಸತ್ತೇ ಹೋಗಿದ್ರೆ?" ಎಂದಳು ದೀಪ್ತಿ. "ಹೇಳಿ. ಕೀರ್ತನಾ ಕೇಳ್ತಾಳೆ ಅಂದ್ರಲ್ಲ, ನಾನು ಕೇಳಿದ್ರೆ ಏನ್ ಹೇಳ್ತಿದ್ರಿ?"

"ಬೈ. ಬಾಯಿಗೆ ಬಂದ ಹಾಗೆ ಬೈದುಬಿಡು."

"ಬೈಯೋಕೂ ಅಸಹ್ಯ ನಂಗೆ. ನಾಳೆಯಿಂದ ಇವಳನ್ನ ನಿಮ್ಮ ಕೈಗೆ ಕೊಡಲ್ಲ."

"ಕೊಡಬೇಡ" ಎಂದರು ಅನಂತಲಕ್ಷ್ಮಿ.

ನಾಳೆ ಬೆಳಿಗ್ಗೆ ಇದೇ ಕೈಗೆ ಮಗುವನ್ನು ಕೊಟ್ಟು ಸ್ಕೂಟರ್ ಹತ್ತಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ದೀಪ್ತಿಗೆ ಎದುರಿಗಿದ್ದ ಬಕೆಟ್ಟನ್ನು ಒದೆಯಬೇಕೆನಿಸಿತು. ಒದ್ದಳು. ನೀರು ಹರಿದು ಮೋರಿಗೆ ಹೋಗುವಾಗ ನವಿಲನ್ನೂ ಎಳೆದುಕೊಂಡು ಹೋಯಿತು.

ಅತ್ತೆ ಬೊಗಸೆಯ ಕೂದಲನ್ನು ಅರಿಶಿನದ ಬಟ್ಟೆಗೆ ಸುರಿದು ಗಂಟು ಹಾಕುತ್ತಿದ್ದರು. "ಇದು ದೇವರಿಗೇ ಹೋಗುತ್ತೆ. ಮುಡಿ ಕೊಡೋ ದಿನ ಇದನ್ನೂ ಸೇರಿಸಿ ಕೊಡ್ತೀನಿ. ಅವರಿಗೆ ಏನಂತ ಹೇಳ್ಲಿ ಅನ್ನೋದೇ..." ಅಷ್ಟರಲ್ಲಿ ಮುಂದಿನ ಗೇಟು ಕಿರ್ ಎಂದಿತು. ಅವರು ಗಂಟನ್ನೂ ಕತ್ತರಿಯನ್ನೂ ಸೆರಗಿನಡಿ ಅಡಗಿಸಿ ಎದ್ದು ನಿಂತರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಗೇಟಿನ ಸದ್ದಿಗೆ ಹೀಗೆ ನಿಲ್ಲುವುದನ್ನು ದೀಪ್ತಿ ನೋಡಿದ್ದು ಅದೇ ಮೊದಲು.

ಮಗುವನ್ನೆತ್ತಿಕೊಂಡು ದೀಪ್ತಿ ಬಾಗಿಲು ತೆರೆದಾಗ ಚಕ್ರಪಾಣಿ ಮಗುವಿಗೆ ಕೈ ಚಾಚಿದವರು ಹಾಗೆಯೇ ನಿಂತರು. ಹುಬ್ಬಿನ ಮೇಲೆ ಸೊಟ್ಟಸೊಟ್ಟಗೆ, ಇಲಿ ಕಡಿದ ಹಾಗೆ, ತುಂಡು ಕೂದಲು.

"ಯಾರ ಕೆಲಸ ಇದು?"

ಅನಂತಲಕ್ಷ್ಮಿ ಬಾಯಿ ತೆರೆದರು.

"ನಂದು" ಎಂದಳು ದೀಪ್ತಿ. ಯಾರನ್ನಾದರೂ ಕಾಪಾಡುವ ಯೋಚನೆ ಅವಳಿಗಿರಲಿಲ್ಲ. ಇಷ್ಟು ದಿನ ಗಂಟಲಲ್ಲಿ ನಿಂತಿದ್ದ ಮಾತು ತಾನಾಗಿ ಹೊರಬಂತು. "ನಾನೇ ಕತ್ತರಿಸಿದ್ದು. ಮತ್ತೆ ಬೆಳೆದ್ರೆ ಮತ್ತೆ ಕತ್ತರಿಸ್ತೀನಿ."

"ಏನಂದೆ?"

"ನನ್ನ ಮಗಳು ಮಾವ. ಹರಕೆ ನಿಮ್ಮದು, ಮಗಳು ನನ್ನವಳು."

ಅವರು ಕೂಗಿದರು. ಮನೆದೇವರ ಹೆಸರೆತ್ತಿ ಕೂಗಿದರು, ಅವಳ ಓದಿನ ಹೆಸರೆತ್ತಿ ಕೂಗಿದರು, ಎದುರುಮನೆಯ ಆಂಟಿ ಗೇಟಿಗೆ ಬರುವಷ್ಟು ಕೂಗಿದರು. ದೀಪ್ತಿ ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟಳು. ಅನಂತಲಕ್ಷ್ಮಿ ಗೋಡೆಗೊರಗಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಸಂಜೆ ಸುಧೀಂದ್ರ ಬಂದಾಗ ಮನೆ ಎರಡು ಪಾಲಾದ ಹಾಗಿತ್ತು. ಹೆಲ್ಮೆಟ್ ತೆಗೆಯುತ್ತಲೇ ರೂಮಿಗೆ ಬಂದ.

"ಅಪ್ಪ ಕಾಫೀನೂ ಮುಟ್ಟಿಲ್ಲ. ಅಮ್ಮ ಅಳ್ತಾ ಇದಾಳೆ. ಏನ್ ಮಾಡ್ಬಿಟ್ಟೆ ದೀಪ್ತಿ? ಒಂದು ಮಾತು ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?"

"ಕೇಳಿದ್ದೆ. ಮುಖಕ್ಕೆ ನೊರೆ ಬಳ್ಕೊಂಡು ನಿಂತಿದ್ದೆ ನೀನು."

"ಇಷ್ಟು ಹಟ ಯಾತಕ್ಕೆ? ಅಂಥದ್ದೇನಾಗೋಗಿತ್ತು?"

ಹೇಳಿಬಿಡಬೇಕೆಂದು ಅವಳ ತುಟಿ ಬಿಚ್ಚಿತು. ಬಾಗಿಲ ಪರದೆಯ ಕೆಳಗೆ ಅತ್ತೆಯ ಪಾದಗಳು ಕಾಣುತ್ತಿದ್ದವು. ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಇವನು 'ಪಾಪ, ಅಮ್ಮ ಎಷ್ಟು ಹೆದರಿರ್ಬೇಕು' ಎಂದು ನಡುಮನೆಗೆ ಓಡುತ್ತಾನೆ. ಮಾವ 'ನೋಡಿದ್ರಾ, ಹರಕೆನೇ ಮಗೂನ ಉಳಿಸ್ತು' ಎಂದು ದೇವರ ಮನೆಗೆ ನಡೆಯುತ್ತಾರೆ. ಭಾವ ಹುಬ್ಬಳ್ಳಿಯಿಂದ, ತಾಯಿಯಾದವಳು ಮನೆಯಲ್ಲಿದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳುತ್ತಾನೆ. ನೇರಳೆಯಾಗಿದ್ದ ಆ ತುಟಿಯನ್ನು ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಹಂಚಿಕೊಳ್ಳುತ್ತಾರೆ.

"ಏನೂ ಆಗಿರ್ಲಿಲ್ಲ" ಎಂದಳು. "ನಂಗೆ ಕತ್ತರಿಸ್ಬೇಕು ಅನ್ನಿಸ್ತು. ಕತ್ತರಿಸ್ದೆ."

ಅವನು ತಲೆ ಕೊಡವಿ ಹೊರಗೆ ಹೋದ. ಪರದೆಯ ಕೆಳಗಿನ ಪಾದಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಸರಿದುಹೋದವು.

ತನ್ಮಯಿ ಮಂಚದ ಅಂಚು ಹಿಡಿದು ನಿಂತಿದ್ದಳು. ದಿನವೂ ಈ ಹೊತ್ತಿಗೆ ತುಮಕೂರಿನಿಂದ ದೀಪ್ತಿಯ ತಾಯಿಯ ಫೋನ್ ಬರುತ್ತಿತ್ತು. ಇವತ್ತೂ ಬಂತು. ಚಿಕ್ಕಂದಿನಿಂದ ದೀಪ್ತಿ ಆ ಒಂದು ಜೀವದಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಫೋನನ್ನು ಕೈಯಲ್ಲಿ ಹಿಡಿದು, ಅದು ನಿಂತುಹೋಗುವ ಮುಂಚೆ ಎತ್ತಿದಳು.

"ಏನಮ್ಮಾ, ಏನಂತಾಳೆ ನನ್ನ ಬಂಗಾರಿ? ಇವತ್ತೇನು ಹೊಸಾದು ಕಲಿತ್ಲು?"

ಮಗು ಮಂಚದಿಂದ ಒಂದು ಕೈ ಬಿಟ್ಟಿತ್ತು. ಕಿಟಕಿಯ ಕೆಳಗೆ, ಗೋಡೆಯ ಮೇಲೆ ಒಂದು ಹಲ್ಲಿ ಅಲ್ಲಾಡದೆ ಕುಳಿತಿತ್ತು. ಎರಡೂ ಕಣ್ಣನ್ನು ಅಗಲವಾಗಿ ಅರಳಿಸಿ, ಗಲ್ಲ ಎತ್ತದೆ, ಮಗು ಅದರತ್ತ ಬೆರಳು ತೋರಿಸುತ್ತಿತ್ತು.

"ಏನಿಲ್ಲಮ್ಮ" ಎಂದಳು ದೀಪ್ತಿ. "ಗೋಡೆ ಮೇಲಿರೋ ಹಲ್ಲಿ ನೋಡ್ತಾ ಇದಾಳೆ."