ಕಲ್ಲುಸಕ್ಕರೆ ಇಲ್ಲದ ಮೆಂತ್ಯದ ನೀರು

"ಕೊಬ್ಬು ಇಳಿಯೋ ಬದಲು ಏರಿದೆಯಲ್ಲ, ಸನೋಬರ್ ಖಾನುಂ," ಎಂದಳು ವ್ಯಾಯಾಮದ ತರಗತಿ ನಡೆಸುವ ರಾಸ್ತಿ, ರಕ್ತಪರೀಕ್ಷೆಯ ಚೀಟಿಯನ್ನು ಮತ್ತೊಮ್ಮೆ ನೋಡುತ್ತ.

ಸನೋಬರಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೀರ್ಜಂದ್‌ನ ಈ ಶಾಲೆಯ ಹಜಾರದಲ್ಲಿ ಆರು ವಾರ ತನ್ನ ಐವತ್ತೆರಡರ ಮಂಡಿಗಳನ್ನು ಬಗ್ಗಿಸಿ ಬೆವರು ಸುರಿಸಿದ್ದಳು. ಸಕ್ಕರೆ ಕಾಯಿಲೆ ಹಳೆಯದೇ. ಆದರೆ ಈಗ ರಕ್ತದ ಕೊಬ್ಬು ಕಣ್ಣಿನೊಳಗೆ ಕೂರುತ್ತಿದೆ, ಇಳಿಸದಿದ್ದರೆ ದೃಷ್ಟಿ ಹೋದೀತು ಎಂದು ಡಾಕ್ಟರು ಹೇಳಿದ್ದರು. ರತ್ನಗಂಬಳಿ ನೇಯುವವಳಿಗೆ ಕಣ್ಣು ಹೋದರೆ ಕೈ ಇದ್ದೂ ಇಲ್ಲದ ಹಾಗೆ.

"ಮಾತ್ರೆ ತಪ್ಪಿಸಿಲ್ಲ ತಾನೇ?"

"ಒಂದು ದಿನಾನೂ ಇಲ್ಲ."

"ಮೆಂತ್ಯದ ನೀರು?"

"ದಿನಾ ಬೆಳಿಗ್ಗೆ. ಎಲ್ಲರ ಹಾಗೇ, ಕಲ್ಲುಸಕ್ಕರೆ ಹಾಕ್ಕೊಂಡು."

ರಾಸ್ತಿ ಪೆನ್ನು ಕೆಳಗಿಟ್ಟಳು. "ಎಷ್ಟು?"

ಇಷ್ಟು ದೊಡ್ಡ ತುಂಡು ಎಂಬಂತೆ ಸನೋಬರ್ ಹೆಬ್ಬೆರಳು ತೋರಿಸಿದಳು.

"ಅಯ್ಯೋ ಅಕ್ಕ, ಆ ಸಕ್ಕರೇನೇ ರಕ್ತದಲ್ಲಿ ಕೊಬ್ಬಾಗೋದು. ಇಲ್ಲಿ ಬಂದು ಬೆಂಕಿ ಆರಿಸ್ತೀರಿ, ಮನೆಗೆ ಹೋಗಿ ಎಣ್ಣೆ ಸುರೀತೀರಿ. ತರಗತಿ ಮುಗಿಯೋಕೆ ಇನ್ನೂ ಆರು ವಾರ ಇದೆ, ನೋಡಿ."

ಆ ಊರಿನಲ್ಲಿ ಹೊಟ್ಟೆನೋವಿಗೂ ಕಲ್ಲುಸಕ್ಕರೆ, ಬಾಣಂತಿಗೂ ಕಲ್ಲುಸಕ್ಕರೆ. ಅದೂ ಸಕ್ಕರೆಯೇ ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ಸಾಲದ್ದಕ್ಕೆ ಇದು ಬರೀ ಕಲ್ಲುಸಕ್ಕರೆಯಲ್ಲ. ಎಂಬತ್ತು ದಾಟಿದ ಅತ್ತೆ ಬೀಬಿ, ಸೊಸೆಯ ಕಣ್ಣಿಗೆಂದೇ ಬಸ್ಸು ಹತ್ತಿ ಮಶ್ಹದ್‌ಗೆ ಹೋಗಿ, ಇಮಾಮರ ಸಮಾಧಿಗೆ ಮುಟ್ಟಿಸಿ ತಂದ ಪ್ರಸಾದ. ಬೇಡ ಎನ್ನುವುದು ಹೇಗೆ? ಸನೋಬರ್ ಆ ದಿನ ಬಸ್ಸು ಹತ್ತದೆ ಮನೆಯವರೆಗೂ ನಡೆದಳು. ಬಾಗಿಲು ಮುಟ್ಟುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಬೀಬಿ ಎಂದಿನಂತೆ ಕಲ್ಲುಸಕ್ಕರೆ ಜಜ್ಜಿ ತಂದಾಗ ಸನೋಬರ್ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

"ಬೇಡ ಬೀಬಿ. ಇದರಿಂದಲೇ ಏರಿದೆಯಂತೆ."

"ಯಾರೇ ಹೇಳಿದ್ದು? ಆ ಕುಣಿಸೋ ಹುಡುಗೀನಾ? ಇಮಾಮರಿಗಿಂತ ಅವಳಿಗೆ ಜಾಸ್ತಿ ಗೊತ್ತಾ?"

"ಇಮಾಮರು ಬೇಡ ಅಂತ ನಾನಂದೆನಾ? ಅವರ ಹತ್ರ ಕೇಳ್ಕೊಳ್ಳೋದು ಬಿಡಲ್ಲ. ಸಕ್ಕರೆ ಮಾತ್ರ ಬೇಡ."

ಮುದುಕಿಯ ತುಟಿ ಅದುರಿತು. "ಅಂದ್ರೆ ಇಷ್ಟು ದಿನ ನಾನೇ ನಿನ್ನ ಕಣ್ಣು ತೆಗೀತಾ ಇದ್ದೆ ಅಂತೀಯಾ?"

ಸನೋಬರ್ ಅಂಗೈ ಎತ್ತಲಿಲ್ಲ. "ಹಾಕಿದ್ದು ನೀವು, ಕುಡಿದಿದ್ದು ನಾನು. ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ."

ಮೂಗು ಹಿಡಿದು ಅರ್ಧಕ್ಕಿಂತ ಹೆಚ್ಚು ಕುಡಿದಳು. ಕಹಿ ಗಂಟಲಿನಿಂದ ಕಿವಿಯವರೆಗೆ ಏರಿತು. ಕಣ್ಣಲ್ಲಿ ನೀರು ಬಂತು. ಉಸಿರು ಬಿಟ್ಟು ಉಳಿದದ್ದನ್ನೂ ಕುಡಿದು, ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಂಡಳು. ತರಗತಿಗೆ ಇನ್ನೂ ಹೊತ್ತಿತ್ತು, ಆದರೆ ಇಂದೂ ನಡೆದೇ ಹೋಗುವವಳು.

ಎದ್ದು ಒಮ್ಮೆ ತಿರುಗಿ ನೋಡಿದಳು. ಬೀಬಿ ಲೋಟವನ್ನು ಬೆಳಕಿಗೆ ಹಿಡಿದು, ತಳದಲ್ಲಿ ಉಳಿದ ಗಸಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಸುಕ್ಕುಗಟ್ಟಿದ ಮುಖ ಇನ್ನಷ್ಟು ಮುದುಡಿತು. ಆದರೂ ಉಗುಳಲಿಲ್ಲ. ಇನ್ನೊಂದು ಸಲ ಬೆರಳು ಅದ್ದಿದಳು.